ಪುಣೆ–ಬೆಂಗಳೂರು: ಒಂದು ರಾತ್ರಿಯ ದೂರ

ಪುಣೆಯಿಂದ ಬೆಂಗಳೂರಿಗೆ ಎಷ್ಟು ದೂರ ಎಂಬ ಪ್ರಶ್ನೆಗೆ ಒಂದೇ ಉತ್ತರವಿಲ್ಲ. ನಕಾಶೆಯ ಮೇಲೆ ನೇರ ಗೆರೆ ಎಳೆದು ಅಳೆದರೆ ಸುಮಾರು 735 ಕಿಲೋಮೀಟರು. ಕೊಲ್ಹಾಪುರ, ಬೆಳಗಾವಿ, ಹುಬ್ಬಳ್ಳಿಯ ಹೆದ್ದಾರಿ ಹಿಡಿದರೆ ಸುಮಾರು 840. ಸೋಲಾಪುರ, ಗುಂತಕಲ್ಲಿನ ರೈಲುಮಾರ್ಗದಲ್ಲಿ ಸುಮಾರು 960. ಮಿರಜ, ಹುಬ್ಬಳ್ಳಿ, ಅರಸೀಕೆರೆಯ ರೈಲುಮಾರ್ಗದಲ್ಲಿ 1,000 ದಾಟಿ ಇನ್ನೂ ಸ್ವಲ್ಪ. ಕಾಲದ ಲೆಕ್ಕ ಇದಕ್ಕಿಂತ ವಿಚಿತ್ರ. ವಿಮಾನಕ್ಕೆ ಒಂದೂವರೆ ಗಂಟೆ, ಕಾರಿಗೆ 13ರಿಂದ 15 ಗಂಟೆ, ಬಸ್ಸಿಗೆ 14ರಿಂದ 16, ರೈಲಿಗೆ 19ರಿಂದ 21 ಗಂಟೆ.

ಈ ಅಂಕಿಗಳನ್ನು ಯಾವ ಪ್ರಯಾಣ ಸಂಸ್ಥೆಯೂ ಕೊಟ್ಟೀತು. ಆದರೆ ಪುಣೆಯಲ್ಲಿ ನೆಲೆ ನಿಂತ ಕನ್ನಡ ಕುಟುಂಬಗಳು ದೂರವನ್ನು ಅಳೆಯುವುದು ಕಿಲೋಮೀಟರಿನಿಂದಲೂ ಅಲ್ಲ, ಗಂಟೆಯಿಂದಲೂ ಅಲ್ಲ, ರಾತ್ರಿಯಿಂದ. ಸಂಜೆ ಕಚೇರಿ ಮುಗಿಸಿ ಹೊರಟರೆ ಬೆಳಗಿನ ಕಾಫಿಯ ಹೊತ್ತಿಗೆ ಮನೆಯ ಮೆಟ್ಟಿಲು ಹತ್ತಬಹುದೇ? ಬೆಳಗಾವಿ, ಧಾರವಾಡ, ಹುಬ್ಬಳ್ಳಿ, ವಿಜಯಪುರ, ಕಲಬುರಗಿ ಇವೆಲ್ಲ ಈ ಅಳತೆಗೆ ಸಲೀಸಾಗಿ ಒಳಪಡುತ್ತವೆ. ಬೆಂಗಳೂರು ಮಾತ್ರ ಗಡಿಯಲ್ಲಿ ನಿಲ್ಲುತ್ತದೆ. ರಾತ್ರಿ ಮುಗಿದ ಮೇಲೂ ಎರಡು ಮೂರು ಗಂಟೆಯ ದಾರಿ ಉಳಿದುಬಿಡುತ್ತದೆ. ಹಿಂದಿನ ತಲೆಮಾರಿನಲ್ಲಿ ನಮ್ಮವರಲ್ಲಿ ಅನೇಕರಿಗೆ ಊರೆಂದರೆ ಧಾರವಾಡ ಸೀಮೆಯಾಗಿತ್ತು. ಈಗ ಅದೇ ಮನೆಗಳ ಅಣ್ಣತಮ್ಮಂದಿರು, ಹೆಣ್ಣುಮಕ್ಕಳು ಬೆಂಗಳೂರಿನಲ್ಲಿದ್ದಾರೆ, ಅವರ ಹಿಂದೆ ವಯಸ್ಸಾದ ತಂದೆತಾಯಿಯರೂ ಅಲ್ಲಿಗೇ ಹೋಗಿದ್ದಾರೆ. ಆದುದರಿಂದ ಆ ಉಳಿದ ಎರಡು ಮೂರು ಗಂಟೆಗಳ ಮಾತು ಮನೆಮನೆಯ ಮಾತಾಗಿದೆ.

ಈ ಎರಡು ಊರುಗಳ ನಡುವೆ ಹಂಚಿಹೋದ ಪ್ರಸಿದ್ಧ ಕುಟುಂಬವೊಂದು ಇತಿಹಾಸದಲ್ಲೇ ಇದೆ. 1638ರಲ್ಲಿ ವಿಜಾಪುರದ ಸೈನ್ಯ ಬೆಂಗಳೂರನ್ನು ಗೆದ್ದ ನಂತರ ಅದು ಶಹಾಜಿ ಭೋಸಲೆಯವರಿಗೆ ಜಹಗೀರಾಗಿ ಬಂತು. ಪುಣೆಯ ಜಹಗೀರು ಮೊದಲೇ ಅವರದಾಗಿತ್ತು. ತಂದೆ ಕರ್ನಾಟಕದಲ್ಲಿ, ಜೀಜಾಬಾಯಿ ಹಾಗೂ ಶಿವಾಜಿ ಪುಣೆಯಲ್ಲಿ. 1664ರ ಜನವರಿಯಲ್ಲಿ ಶಹಾಜಿ ಇಂದಿನ ದಾವಣಗೆರೆ ಜಿಲ್ಲೆ ಚನ್ನಗಿರಿ ತಾಲ್ಲೂಕಿನ ಹೊದಿಗೆರೆಯಲ್ಲಿ ಬೇಟೆಯಾಡುತ್ತಿದ್ದಾಗ ಕುದುರೆಯಿಂದ ಬಿದ್ದು ತೀರಿಕೊಂಡರು. ಮಗ ಆಗ ಸೂರತ್ ದಂಡಯಾತ್ರೆ ಮುಗಿಸಿ ಮರಳುವ ದಾರಿಯಲ್ಲಿದ್ದರು. ಸಮಾಧಿ ಇಂದಿಗೂ ಹೊದಿಗೆರೆಯಲ್ಲಿದೆ. ಕಾರಿನಲ್ಲಿ ಬೆಂಗಳೂರಿಗೆ ಹೋಗುವವರು ದಾವಣಗೆರೆಯಿಂದ ಅರ್ಧ ದಿನ ತೆಗೆದಿಟ್ಟರೆ ನೋಡಿ ಬರಬಹುದು.

ರಸ್ತೆಯ ದಾರಿ

ಹಳೆಯ ತಲೆಯವರು ಇಂದಿಗೂ ‘ಎನ್.ಎಚ್. ನಾಲ್ಕು’ ಎಂದೇ ಕರೆಯುವ ಈ ಹೆದ್ದಾರಿಗೆ 2010ರ ಮರುಸಂಖ್ಯೆಯಲ್ಲಿ 48 ಎಂಬ ಅಂಕಿ ಬಂದಿದೆ. ಪುಣೆಯಿಂದ ಸಾತಾರಾ ಸುಮಾರು 110 ಕಿ.ಮೀ., ಕೊಲ್ಹಾಪುರ 230, ಬೆಳಗಾವಿ 340, ಧಾರವಾಡ 420, ಹುಬ್ಬಳ್ಳಿ 440. ಅಲ್ಲಿಂದ ಹಾವೇರಿ, ರಾಣೆಬೆನ್ನೂರು, ಹರಿಹರ, ದಾವಣಗೆರೆ, ಚಿತ್ರದುರ್ಗ, ಹಿರಿಯೂರು, ಶಿರಾ, ತುಮಕೂರು ದಾಟಿ ಬೆಂಗಳೂರು. ಕಾಗಲ್ ದಾಟಿ ನಿಪ್ಪಾಣಿ ತಾಲ್ಲೂಕಿನ ಕೊಗನೊಳ್ಳಿ ಬಂದರೆ ಕರ್ನಾಟಕ. ಅಂದರೆ ದಾರಿಯ ಮೂರನೆಯ ಒಂದು ಭಾಗಕ್ಕಿಂತ ಕಡಿಮೆ ಮಹಾರಾಷ್ಟ್ರದಲ್ಲಿದೆ. ಮಿಕ್ಕದ್ದೆಲ್ಲ ನಮ್ಮ ನಾಡೇ. ಬೆಂಗಳೂರು ದೂರ ಎನ್ನುವಾಗ ನಾವು ದೂರುವುದು ವಾಸ್ತವದಲ್ಲಿ ಕರ್ನಾಟಕದ ಉದ್ದವನ್ನು.

ಈ ದಾರಿಯ ನಿಜವಾದ ಮೈಲುಗಲ್ಲುಗಳು ನದಿಗಳು. ಶಿರವಳದ ಬಳಿ ನೀರಾ, ಕರಾಡದಲ್ಲಿ ಕೃಷ್ಣಾ–ಕೊಯ್ನಾ, ಕೊಲ್ಹಾಪುರದ ಹೊರಗೆ ಪಂಚಗಂಗಾ, ಗಡಿಯ ಆಚೀಚೆ ದೂಧಗಂಗಾ ಮತ್ತು ವೇದಗಂಗಾ, ಸಂಕೇಶ್ವರದಲ್ಲಿ ಹಿರಣ್ಯಕೇಶಿ, ಆಮೇಲೆ ಘಟಪ್ರಭಾ, ಎಂ.ಕೆ. ಹುಬ್ಬಳ್ಳಿಯಲ್ಲಿ ಮಲಪ್ರಭಾ, ಹರಿಹರದಲ್ಲಿ ತುಂಗಭದ್ರೆ, ಹಿರಿಯೂರಿನಲ್ಲಿ ವೇದಾವತಿ. ಸ್ಲೀಪರ್ ಬಸ್ಸಿನಲ್ಲಿ ಮಲಗಿದ ಇಂದಿನ ಮಕ್ಕಳಿಗೆ ಇವುಗಳಲ್ಲಿ ಒಂದೂ ಕಾಣುವುದಿಲ್ಲ. ಒಮ್ಮೆಯಾದರೂ ಹಗಲಿನಲ್ಲಿ ಕರೆದೊಯ್ಯಿರಿ ಎಂದು ನಮ್ಮ ಸಲಹೆ.

ಕಾಲ ಕಳೆಯುವುದು ಎಲ್ಲಿ ಎಂಬುದನ್ನು ತಿಳಿದಿದ್ದರೆ ಹೊರಡುವ ಹೊತ್ತನ್ನು ನಿರ್ಧರಿಸುವುದು ಸುಲಭ. ಮೊದಲ ತೊಡಕು ಪುಣೆಯೇ. ವಾಕಡದಿಂದ ಚಾಂದನಿ ಚೌಕ, ವಾರಜೆ ಮಾರ್ಗವಾಗಿ ಕಾತ್ರಜದ ಹೊಸ ಸುರಂಗ ದಾಟಲು ಶುಕ್ರವಾರ ಸಂಜೆ ಒಂದೂವರೆ ಗಂಟೆ ಹಿಡಿದರೆ ಅಚ್ಚರಿಯಿಲ್ಲ. ಮರಳುವಾಗ ಸುರಂಗದಿಂದ ನವಲೆ ಸೇತುವೆಯವರೆಗಿನ ಇಳಿಜಾರು ಅಪಾಯದ ತಾಣ. 2022ರ ನವೆಂಬರಿನಲ್ಲಿ ಒಂದೇ ಅಪಘಾತದಲ್ಲಿ ಇಲ್ಲಿ ಹಲವಾರು ವಾಹನಗಳು ಜಖಂಗೊಂಡವು. ಇಂಜಿನ್ ಆರಿಸಿ ಇಳಿಯುವ ಲಾರಿಗಳ ಮುಂದೆ ನಮ್ಮ ವಾಹನ ಇರಕೂಡದು ಎಂಬುದೊಂದೇ ಇಲ್ಲಿಯ ನಿಯಮ. ಎರಡನೆಯದು ಖಂಬಾಟಕಿ ಘಾಟು. ಹೋಗುವಾಗ ಘಾಟು ಹತ್ತಬೇಕು, ಬರುವಾಗ ಸುರಂಗ. ಏರಿನಲ್ಲಿ ಒಂದು ಲಾರಿ ಕೆಟ್ಟು ನಿಂತರೆ ಹಿಂದಿನವರೆಲ್ಲ ಕಾಯಬೇಕು. ಸಾತಾರಾ–ಕಾಗಲ್ ನಡುವೆ ಷಟ್ಪಥದ ಕಾಮಗಾರಿ ಕೆಲವು ವರ್ಷಗಳಿಂದ ನಡೆದಿದ್ದು, ಪಕ್ಕದ ಸೇವಾರಸ್ತೆಗಳಿಗೆ ಇಳಿದು ಏರುವುದರಲ್ಲೇ ಸಮಯ ಸೋರಿಹೋಗುತ್ತದೆ.

ಗಡಿ ದಾಟಿದ ಮೇಲೆ ಧಾರವಾಡದವರೆಗೆ ರಸ್ತೆ ಚೆನ್ನಾಗಿದೆ. ಬಳಿಕ ಹುಬ್ಬಳ್ಳಿ–ಧಾರವಾಡ ಬೈಪಾಸು. ಎರಡೂ ಕಡೆ ಚತುಷ್ಪಥವಿದ್ದು ನಡುವೆ ಸುಮಾರು 30 ಕಿ.ಮೀ. ಮಾತ್ರ ದ್ವಿಪಥವಾಗಿ ಉಳಿದ ಈ ತುಣುಕು ಬಹುಕಾಲ ಎಲ್ಲರ ಎದೆಯಲ್ಲಿ ಮುಳ್ಳಾಗಿತ್ತು. 2021ರ ಜನವರಿಯಲ್ಲಿ ಇಟ್ಟಿಗಟ್ಟಿಯ ಬಳಿ, ದಾವಣಗೆರೆಯಿಂದ ಗೋವೆಗೆ ಹೊರಟಿದ್ದ ಗೆಳತಿಯರ ವಾಹನಕ್ಕೆ ಟಿಪ್ಪರ್ ಢಿಕ್ಕಿಯಾಗಿ ಹತ್ತಕ್ಕೂ ಹೆಚ್ಚು ಮಂದಿ ಅಸುನೀಗಿದ ಮೇಲೆ ಅಗಲೀಕರಣದ ಕೂಗು ಗಟ್ಟಿಯಾಯಿತು, ಕಾಮಗಾರಿಯೂ ಆರಂಭವಾಯಿತು. ಮುಂಜಾನೆ ಎರಡರಿಂದ ನಾಲ್ಕರ ನಡುವೆ, ಚಾಲಕನಿಗೆ ಕಣ್ಣು ಎಳೆಯುವ ಹೊತ್ತಿನಲ್ಲಿ, ಪುಣೆಯ ವಾಹನಗಳು ಇಲ್ಲಿಗೆ ಬಂದು ಸೇರುತ್ತವೆ ಎಂಬುದನ್ನು ನೆನಪಿಡಬೇಕು. ಸ್ವಂತ ಕಾರಿನವರು ಬೆಳಗಾವಿಯಲ್ಲೇ ಚಾಲಕನನ್ನು ಬದಲಿಸುವುದು ಲೇಸು. ಒಬ್ಬರೇ ಚಾಲಕರಿದ್ದರೆ ರಾತ್ರಿಯ ಪ್ರಯಾಣವೇ ಬೇಡ.

ಚಿತ್ರದುರ್ಗದಿಂದ ಮುಂದೆ ಬಯಲು ಸೀಮೆ, ಗಾಡಿ ತಾನೇ ಓಡುತ್ತದೆ. ಕೊನೆಯ ತೊಡಕು ನೆಲಮಂಗಲದಿಂದ ಗೊರಗುಂಟೆಪಾಳ್ಯದವರೆಗೆ. ಬೆಳಗಿನ ಎಂಟರ ನಂತರ ತಲಪಿದ ಬಸ್ಸು ಈ ಹತ್ತಿಪ್ಪತ್ತು ಕಿಲೋಮೀಟರಿಗೆ ಒಂದು ಗಂಟೆ ತೆಗೆದುಕೊಳ್ಳುತ್ತದೆ. 2024ರ ನವೆಂಬರಿನಲ್ಲಿ ಮೆಟ್ರೋ ಹಸಿರು ಮಾರ್ಗ ತುಮಕೂರು ರಸ್ತೆಯ ಮಾದಾವರದವರೆಗೆ ಬಂದಿರುವುದರಿಂದ, ಹಗುರ ಸಾಮಾನಿನವರು ಅಲ್ಲೇ ಇಳಿದು ಜಯನಗರ, ಬನಶಂಕರಿಗೆ ನೇರವಾಗಿ ಹೋಗಬಹುದು. ಪುಣೆಯ ಈ ತುದಿಯಲ್ಲಿಯೂ 2024ರ ಸೆಪ್ಟೆಂಬರಿನಿಂದ ಮೆಟ್ರೋ ಸ್ವಾರಗೇಟಿನವರೆಗೆ ಇದೆ.

ಊರು ವಿಜಯಪುರ, ಬಾಗಲಕೋಟೆಯ ಕಡೆಯಾಗಿದ್ದರೆ ದಾರಿ ಬೇರೆ. ಸೋಲಾಪುರಕ್ಕೆ 250 ಕಿ.ಮೀ., ಅಲ್ಲಿಂದ ವಿಜಯಪುರಕ್ಕೆ ಸುಮಾರು 100. ಅದೇ ದಾರಿಯನ್ನು ಹೊಸಪೇಟೆ, ಚಿತ್ರದುರ್ಗದ ಮೂಲಕ ಬೆಂಗಳೂರಿಗೆ ಮುಂದುವರಿಸಿದರೆ ಒಟ್ಟು 890ರ ಆಸುಪಾಸು. ನಡುವೆ ಒಂದು ದಿನ ತಂಗುವವರಿಗೆ ಇದೂ ಒಪ್ಪುವ ಮಾರ್ಗ.

ಹಳಿಯ ದಾರಿ

ಪುಣೆಯನ್ನು ಕನ್ನಡಿಗರಿಗೆ ಹತ್ತಿರ ತಂದದ್ದು ರಸ್ತೆಯಲ್ಲ, ರೈಲು. 1882ರಲ್ಲಿ ಸ್ಥಾಪಿತವಾದ ಸದರ್ನ್ ಮರಾಠಾ ರೈಲ್ವೆ 1890ರ ಸುಮಾರಿಗೆ ಪುಣೆಯಿಂದ ಮಿರಜ, ಬೆಳಗಾವಿ, ಲೋಂಡಾ ಮಾರ್ಗವಾಗಿ ಹುಬ್ಬಳ್ಳಿಯವರೆಗೆ ಮೀಟರ್ ಗೇಜ್ ಹಳಿ ಜೋಡಿಸಿತು. ಮೈಸೂರು ಸಂಸ್ಥಾನದ ಬೆಂಗಳೂರು–ಹರಿಹರ ಮಾರ್ಗವೂ 1889ರ ಹೊತ್ತಿಗೆ ಪೂರ್ಣಗೊಂಡಿತ್ತು. ಧಾರವಾಡ, ಬೆಳಗಾವಿಗಳು ಮುಂಬಯಿ ಪ್ರಾಂತದಲ್ಲಿದ್ದ ಕಾಲವದು. 1917ರಲ್ಲಿ ಧಾರವಾಡದಲ್ಲಿ ಕರ್ನಾಟಕ ಕಾಲೇಜು ತೆರೆಯುವವರೆಗೆ ಆ ಭಾಗದ ಹುಡುಗರು ಪದವಿಗಾಗಿ ಹೊರಗೆ ಹೋಗಲೇಬೇಕಿತ್ತು. ಅನೇಕರು ಹತ್ತಿದ್ದು ಪುಣೆಯ ಗಾಡಿಯನ್ನೇ. ದ.ರಾ. ಬೇಂದ್ರೆಯವರು 1918ರಲ್ಲಿ ಬಿ.ಎ. ಪದವಿ ಪಡೆದದ್ದು ಇಲ್ಲಿಯ ಫರ್ಗ್ಯೂಸನ್ ಕಾಲೇಜಿನಿಂದ. ಕುಂದಗೋಳದ ಸವಾಯಿ ಗಂಧರ್ವರು, ಅವರ ಶಿಷ್ಯ ಭೀಮಸೇನ ಜೋಶಿಯವರು ಇದೇ ಎರಡು ಸೀಮೆಗಳ ನಡುವೆ ಬಾಳಿದವರು. ಗುರುವಿನ ಸ್ಮರಣೆಗೆ 1953ರಲ್ಲಿ ಪುಣೆಯಲ್ಲಿ ಆರಂಭವಾದ ಉತ್ಸವದ ಪರಿಚಯ ನಮ್ಮ ಓದುಗರಿಗೆ ಬೇಕಿಲ್ಲ. (ಜೋಶಿಯವರಿಗೆ ರೈಲಿಗಿಂತ ತಾವೇ ಓಡಿಸುವ ಕಾರಿನ ಮೇಲೆ ಪ್ರೀತಿ ಹೆಚ್ಚೆಂಬುದೂ ಸಂಗೀತ ವಲಯದಲ್ಲಿ ಎಲ್ಲರಿಗೂ ತಿಳಿದ ಮಾತು.)

1971ರಲ್ಲಿ ಪುಣೆ–ಮಿರಜ ಮಾರ್ಗ ಬ್ರಾಡ್ ಗೇಜ್ ಆಯಿತು. ಇದು ಪ್ರಗತಿಯೇ ಸರಿ. ಆದರೆ ಅದರಿಂದ ನಮ್ಮ ಹಿರಿಯರಿಗೆ ಒದಗಿದ್ದು ಮಿರಜದ ಇಳಿಯಾಟ. ಮಿರಜದ ಈಚೆ 1,676 ಮಿಲಿಮೀಟರ್ ಅಗಲದ ಹಳಿ, ಆಚೆ 1,000 ಮಿಲಿಮೀಟರಿನದು. ಟ್ರಂಕು, ಹಾಸಿಗೆ ಸುರುಳಿ, ನೀರಿನ ಕೂಜಾ, ನಿದ್ದೆಗಣ್ಣಿನ ಮಕ್ಕಳು ಎಲ್ಲವನ್ನೂ ಇಳಿಸಿ ಇನ್ನೊಂದು ಪ್ಲಾಟ್‌ಫಾರ್ಮಿಗೆ ಸಾಗಿಸಿ ಸಣ್ಣ ಗಾಡಿಯಲ್ಲಿ ಜಾಗ ಹಿಡಿಯಬೇಕು. ಬ್ರಾಡ್ ಗೇಜ್ ಗಾಡಿ ತಡವಾದರೆ ಆಚೆಯ ಗಾಡಿ ಕಾಯುತ್ತದೋ ಇಲ್ಲವೋ ಎಂಬ ಚಿಂತೆ ಸಾಂಗಲಿಯಿಂದಲೇ ಶುರು. 1990ರ ದಶಕದಲ್ಲಿ ಮಿರಜದಿಂದ ಬೆಂಗಳೂರಿನವರೆಗೂ ಹಳಿ ಅಗಲವಾಯಿತು, ಈ ಇಳಿಯಾಟ ನಿಂತಿತು. ಐವತ್ತು ದಾಟಿದವರನ್ನು ಕೇಳಿ ನೋಡಿ: ಅವರ ನೆನಪಿನಲ್ಲಿ ಪುಣೆಯಿಂದ ಊರಿನ ದೂರವೆಂದರೆ ಮಿರಜದ ಆ ನಡುರಾತ್ರಿಯೇ.

ಇಂದು ಬೆಂಗಳೂರಿಗೆ ರೈಲಿನಲ್ಲಿ ಎರಡು ದಾರಿಗಳಿವೆ. ಮುಂಬಯಿಯಿಂದ ಬರುವ ಉದ್ಯಾನ್ ಎಕ್ಸ್‌ಪ್ರೆಸ್ ಮಧ್ಯಾಹ್ನದ ಸುಮಾರಿಗೆ ಪುಣೆ ಬಿಟ್ಟು ಸೋಲಾಪುರ, ಕಲಬುರಗಿ, ವಾಡಿ, ರಾಯಚೂರು, ಗುಂತಕಲ್ಲು, ಧರ್ಮಾವರಂ, ಹಿಂದೂಪುರ ದಾಟಿ ಮರುದಿನ ಬೆಳಿಗ್ಗೆ ಬೆಂಗಳೂರು ಮುಟ್ಟುತ್ತದೆ. ಕಲಬುರಗಿಯವರಿಗೆ ಇದು ವರದಾನ: ಸುಮಾರು 375 ಕಿ.ಮೀ., ಸಂಜೆ ದೀಪ ಹಚ್ಚುವ ಹೊತ್ತಿಗೆ ಊರು. ಇನ್ನೊಂದು ಮಿರಜ, ಬೆಳಗಾವಿ, ಹುಬ್ಬಳ್ಳಿ, ದಾವಣಗೆರೆ, ಅರಸೀಕೆರೆಯ ಹಳೆಯ ದಾರಿ. ದಾದರಿನಿಂದ ಹೊರಡುವ ಚಾಲುಕ್ಯ ಎಕ್ಸ್‌ಪ್ರೆಸ್ ಹಾಗೂ ರಾಜಸ್ಥಾನ, ಗುಜರಾತಿನಿಂದ ಬರುವ ಕೆಲವು ಗಾಡಿಗಳು ವಾರದ ಬೇರೆ ಬೇರೆ ದಿನ ಇದರಲ್ಲಿ ಓಡುತ್ತವೆ. ಇದು ಉದ್ದವೂ ಹೌದು, ನಿಧಾನವೂ ಹೌದು. ಶಿಂದವಣೆ ಮತ್ತು ಆದರ್ಕಿಯ ಘಾಟುಗಳು, ಲೋಂಡಾದ ಕಾಡು, ಅರಸೀಕೆರೆಯ ಸುತ್ತು ಸೇರಿ ಗಾಡಿಯ ಓಟವನ್ನು ತಡೆಯುತ್ತವೆ. ಆದರೂ ವೃದ್ಧರಿಗೆ, ಮಂಡಿನೋವಿನವರಿಗೆ, ಉಪ್ಪಿನಕಾಯಿ ಜಾಡಿ, ಜೋಳದ ಚೀಲ ತರುವವರಿಗೆ ರೈಲಿಗೆ ಸಾಟಿಯಿಲ್ಲ.

2024ರ ಸೆಪ್ಟೆಂಬರ್ 16ರಂದು ಪುಣೆ–ಹುಬ್ಬಳ್ಳಿ ವಂದೇ ಭಾರತ್ ಆರಂಭವಾಯಿತು. ವಾರಕ್ಕೆ ಮೂರು ದಿನ, ಸುಮಾರು 560 ಕಿ.ಮೀ. ದೂರವನ್ನು ಎಂಟೂವರೆ ಗಂಟೆಯಲ್ಲಿ ಕ್ರಮಿಸುವ ಗಾಡಿ. ಮುಂದಿನ ವರ್ಷ, 2025ರ ಆಗಸ್ಟ್ 10ರಂದು, ಬೆಂಗಳೂರು–ಬೆಳಗಾವಿ ವಂದೇ ಭಾರತ್ ಹೊರಟಿತು. ಸುಮಾರು 610 ಕಿ.ಮೀ., ಅದಕ್ಕೂ ಎಂಟೂವರೆ ಗಂಟೆ. ಎರಡನ್ನೂ ಕೂಡಿಸಿದರೆ ಪುಣೆ–ಬೆಂಗಳೂರು ಒಂದೇ ದಿನದ ಮಾತು ಎಂದು ತೋರೀತು. ಆದರೆ ಆರಂಭದಲ್ಲಿ ಪ್ರಕಟವಾದ ವೇಳೆಯಂತೆ ಮಧ್ಯಾಹ್ನ 2.15ಕ್ಕೆ ಪುಣೆ ಬಿಟ್ಟವರು ರಾತ್ರಿ ಬೆಳಗಾವಿಯಲ್ಲಿ ಇಳಿದು, ಬೆಳಗಿನ 5.20ರ ಗಾಡಿ ಹತ್ತಿ, ಮಧ್ಯಾಹ್ನ 1.50ಕ್ಕೆ ಬೆಂಗಳೂರು ಸೇರುತ್ತಾರೆ. ಒಟ್ಟು ಇಪ್ಪತ್ತಮೂರೂವರೆ ಗಂಟೆ. ಎರಡು ವೇಗದ ಗಾಡಿಗಳು ಕೂಡಿ ಒಂದು ಸಾದಾ ಗಾಡಿಗಿಂತ ನಿಧಾನವಾದ ಲೆಕ್ಕವಿದು! ಬೆಳಗಾವಿಯಲ್ಲಿ ಅಕ್ಕನ ಮನೆಯೋ ಸೋದರಮಾವನ ಮನೆಯೋ ಇದ್ದವರಿಗೆ ಮಾತ್ರ ಈ ಜೋಡಣೆಯಲ್ಲಿ ಸುಖವಿದೆ. ವೇಳಾಪಟ್ಟಿ ಆಗಾಗ ಬದಲಾಗುವುದರಿಂದ ಹೊರಡುವ ಮುನ್ನ ಪರೀಕ್ಷಿಸಿಕೊಳ್ಳತಕ್ಕದ್ದು.

ವಿಮಾನದ ವಿಷಯ ಹೆಚ್ಚು ಹೇಳುವಂಥದ್ದಿಲ್ಲ. ಆಕಾಶದಲ್ಲಿ ಒಂದೂವರೆ ಗಂಟೆಯಾದರೂ ಕೋಥರೂಡಿನಿಂದ ಲೋಹಗಾಂವ್, ಅಲ್ಲಿಯ ಕಾಯುವಿಕೆ, ದೇವನಹಳ್ಳಿಯಿಂದ ಬೆಂಗಳೂರಿನ ದಕ್ಷಿಣ ಬಡಾವಣೆಗಳವರೆಗಿನ ಪಯಣ ಎಲ್ಲ ಸೇರಿ ಮನೆಯಿಂದ ಮನೆಗೆ ಆರು ಆರೂವರೆ ಗಂಟೆ. ಪಿಂಪ್ರಿ, ಚಿಂಚವಡದವರು ಇನ್ನರ್ಧ ಗಂಟೆ ಸೇರಿಸಿಕೊಳ್ಳಬೇಕು.

ರಾತ್ರಿ ಹತ್ತಕ್ಕೆ ಫೋನು ಬಂದರೆ

ಹಬ್ಬ, ಮದುವೆ, ಮುಂಜಿವೆಗಳಿಗೆ ಮೇಲಿನ ಲೆಕ್ಕ ಸಾಕು. ಆದರೆ ನಮ್ಮ ಓದುಗರು ದೂರವನ್ನು ನಿಜವಾಗಿ ಎಣಿಸುವುದು ಇನ್ನೊಂದು ಸಂದರ್ಭದಲ್ಲಿ: ಹಿರಿಯರಿಗೆ ಹುಷಾರಿಲ್ಲ, ಅಥವಾ ಎಲ್ಲ ಮುಗಿಯಿತು, ಎಂದು ರಾತ್ರಿ ಹತ್ತಕ್ಕೆ ಸುದ್ದಿ ಬಂದಾಗ. ಆ ಗಳಿಗೆಯಲ್ಲಿ ಯೋಚಿಸಲು ಯಾರಿಗೂ ಆಗುವುದಿಲ್ಲ. ಮೊದಲೇ ಯೋಚಿಸಿಟ್ಟಿರುವುದು ಒಳ್ಳೆಯದು.

ಬೆಂಗಳೂರಾದರೆ ಆ ರಾತ್ರಿಯೇ ಕಾರು ಹತ್ತಬೇಡಿ. ಹನ್ನೊಂದಕ್ಕೆ ಹೊರಟ ಕಾರು ಮರುದಿನ ಮಧ್ಯಾಹ್ನಕ್ಕೆ ಮುಂಚೆ ಮುಟ್ಟುವುದಿಲ್ಲ. ನಸುಕಿನ ವಿಮಾನ ಹಿಡಿದವರು ಅದಕ್ಕಿಂತ ಎರಡು ಮೂರು ಗಂಟೆ ಮೊದಲೇ ಮನೆಯಲ್ಲಿರುತ್ತಾರೆ. ದುಃಖದಲ್ಲಿರುವವರು ಇಡೀ ರಾತ್ರಿ ಹೆದ್ದಾರಿಯಲ್ಲಿ ವಾಹನ ಓಡಿಸುವ ಅಪಾಯವೂ ತಪ್ಪುತ್ತದೆ. ಧಾರವಾಡ, ಹುಬ್ಬಳ್ಳಿಯಾದರೆ ಲೆಕ್ಕ ತಿರುಗುಮುರುಗು: ಬಾಡಿಗೆ ಚಾಲಕನೊಂದಿಗೆ ಕಾರಿನಲ್ಲಿ ಹೊರಟರೆ ಎಂಟು ಗಂಟೆ, ಬೆಳಗಿನ ಏಳಕ್ಕೆ ಮನೆ. ಬೆಳಗಾವಿಗೆ ಆರೂವರೆ. ಕಲಬುರಗಿಗೂ ರಾತ್ರಿಯ ಗಾಡಿಗಳುಂಟು. ಎಲ್ಲಕ್ಕಿಂತ ಮುಖ್ಯವಾದುದು, ಹೊರಡುವ ಮುನ್ನ ಅಲ್ಲಿರುವ ಬಂಧುಗಳಿಗೆ ತಲಪುವ ಹೊತ್ತನ್ನು ಒಂದು ಗಂಟೆ ಹೆಚ್ಚಾಗಿಯೇ ಹೇಳುವುದು. ಎಂಟಕ್ಕೆ ಬರುತ್ತೇವೆಂದು ಹೇಳಿ ಹತ್ತಾದರೂ ಬಾರದಿದ್ದರೆ ಪುರೋಹಿತರೂ ಹಿರಿಯರೂ ಎಷ್ಟು ಹೊತ್ತು ಕಾದಾರು? ಮಗನಿಗಾಗಿ ಕಾಯಲೇ ಬೇಡವೇ ಎಂಬ ಚರ್ಚೆ ಅಂಗಳದಲ್ಲಿ ನಡೆಯುವಾಗ ಮಗ ಖಂಬಾಟಕಿಯ ಏರಿನಲ್ಲಿ ನಿಂತ ಲಾರಿಯ ಹಿಂದೆ ಇರುತ್ತಾನೆ.

ದಾರಿ ಮುಚ್ಚುವ ಸಂದರ್ಭಗಳನ್ನೂ ಗಮನದಲ್ಲಿಡಬೇಕು. 2019ರ ಆಗಸ್ಟಿನಲ್ಲಿ ಪಂಚಗಂಗೆ ಉಕ್ಕಿ ಶಿರೋಲಿಯ ಬಳಿ ಹೆದ್ದಾರಿ ಹಲವು ದಿನ ನೀರಿನಡಿಯಿತ್ತು. ನಿಪ್ಪಾಣಿ ಬಳಿಯ ಯಮಗರ್ಣಿಯಲ್ಲಿ ವೇದಗಂಗೆಯೂ ರಸ್ತೆಗೆ ಬಂದಿತ್ತು. 2021ರ ಜುಲೈಯಲ್ಲಿ ಅದೇ ಪುನರಾವರ್ತನೆ. ಜುಲೈ–ಆಗಸ್ಟಿನಲ್ಲಿ ಕೊಲ್ಹಾಪುರದ ಮಳೆಯ ಸುದ್ದಿ ಕೇಳದೆ ಹೊರಡಬಾರದು. ನೀರು ಏರಿದ್ದರೆ ಸೋಲಾಪುರ–ವಿಜಯಪುರದ ದಾರಿಯೇ ಗತಿ. ಗಡಿ ವಿವಾದ ಕಾವೇರಿದಾಗ, 2022ರ ಡಿಸೆಂಬರಿನಲ್ಲಿ ಮತ್ತು 2025ರ ಫೆಬ್ರುವರಿಯಲ್ಲಿ ಆದಂತೆ, ಎರಡು ರಾಜ್ಯಗಳ ಸರ್ಕಾರಿ ಬಸ್ಸುಗಳು ಕೆಲವು ದಿನ ನಿಂತುಬಿಡುತ್ತವೆ. ರೈಲು ಅಂಥ ದಿನಗಳಲ್ಲಿ ಹೆಚ್ಚು ಭರವಸೆಯದು. ಇನ್ನು 2020ರ ಮೇ ತಿಂಗಳಲ್ಲಿ ಸೋಂಕಿನ ಭಯದಿಂದ ಮಹಾರಾಷ್ಟ್ರದಿಂದ ಬರುವವರಿಗೆ ಕರ್ನಾಟಕದ ಪ್ರವೇಶವನ್ನೇ ನಿರ್ಬಂಧಿಸಲಾಗಿತ್ತು. ಪುಣೆಯಿಂದ ನಾಲ್ಕೂವರೆ ಗಂಟೆಯ ಕೊಗನೊಳ್ಳಿ ನಾಕೆ ಆಗ ನಮಗೆ ಅಮೆರಿಕೆಗಿಂತ ದೂರವಾಗಿತ್ತು. ಮೊಬೈಲಿನ ಪರದೆಯ ಮೇಲೆ ತಂದೆಯ ಅಂತ್ಯಕ್ರಿಯೆ ನೋಡಿದವರು ನಮ್ಮ ನಡುವೆಯೇ ಇದ್ದಾರೆ.

ಬರಲಿರುವ ಮಾರ್ಗಗಳು

ಹೊಸ ಯೋಜನೆಗಳಲ್ಲಿ ಹೆಚ್ಚು ಸದ್ದು ಮಾಡಿರುವುದು ಪುಣೆ–ಬೆಂಗಳೂರು ಎಕ್ಸ್‌ಪ್ರೆಸ್ ಹೆದ್ದಾರಿ. ಹಳೆಯ ರಸ್ತೆಯನ್ನು ಬಿಟ್ಟು ಪೂರ್ವಕ್ಕೆ ಸರಿದು ಬಾಗಲಕೋಟೆ, ಗದಗ ಜಿಲ್ಲೆಗಳ ಮೂಲಕ ಸುಮಾರು 700 ಕಿ.ಮೀ.ಗಳಲ್ಲಿ ಹೋಗುವ ಪ್ರಸ್ತಾವವಿದು. ಏಳೆಂಟು ಗಂಟೆಯ ಪ್ರಯಾಣವೆಂಬುದು ಅದರ ಆಶ್ವಾಸನೆ. ನೆಲದ ಮೇಲೆ ಕಾಣುವವರೆಗೆ ಅದನ್ನು ಲೆಕ್ಕಕ್ಕೆ ಹಿಡಿಯಲು ನಾವು ಸಿದ್ಧರಿಲ್ಲ. ನಮ್ಮ ದೃಷ್ಟಿಯಲ್ಲಿ ಇದಕ್ಕಿಂತ ಮಹತ್ವದವು ಎರಡು ರೈಲುಮಾರ್ಗಗಳು. ಬೆಳಗಾವಿ–ಧಾರವಾಡ ನಡುವೆ ರೈಲು ಈಗ ಲೋಂಡಾ ಸುತ್ತಿ 120 ಕಿ.ಮೀ. ಹೋಗುತ್ತದೆ; ಕಿತ್ತೂರಿನ ಮೂಲಕ ನೇರ ಹಳಿ ಹಾಕಿದರೆ 73 ಕಿ.ಮೀ. ಸಾಕು. ಬೆಳಗಾವಿಯ ಸಂಸದರೂ ರೈಲ್ವೆ ರಾಜ್ಯಸಚಿವರೂ ಆಗಿದ್ದ ಸುರೇಶ ಅಂಗಡಿಯವರು 2020ರಲ್ಲಿ ನಿಧನರಾಗುವವರೆಗೆ ಇದಕ್ಕಾಗಿ ಶ್ರಮಿಸಿದರು. ಇನ್ನೊಂದು ತುಮಕೂರಿನಿಂದ ಚಿತ್ರದುರ್ಗದ ಮೂಲಕ ದಾವಣಗೆರೆಗೆ ನೇರ ಮಾರ್ಗ. ಇದು ಅರಸೀಕೆರೆಯ ಸುತ್ತನ್ನು ತಪ್ಪಿಸುತ್ತದೆ. ಎರಡೂ ಮಂಜೂರಾಗಿವೆ, ಎರಡೂ ಬಹಳ ನಿಧಾನವಾಗಿ ಸಾಗಿವೆ. ಇವು ಮುಗಿದು, ಮೊದಲು ಹೇಳಿದ ಎರಡು ವೇಗದ ಗಾಡಿಗಳ ಜಾಗದಲ್ಲಿ ಒಂದೇ ರಾತ್ರಿಗಾಡಿ ಬಂದರೆ, ಪುಣೆಯಲ್ಲಿ ಊಟ ಮುಗಿಸಿ ಹತ್ತಿದವರು ತುಮಕೂರಿನಲ್ಲಿ ಎದ್ದು ಹಲ್ಲುಜ್ಜಬಹುದು.